ಗಾಲಿ ಮೇಲಿನ ಅಂಗಳ

ರಸ್ತೆಗಿಳಿದವರ ಸುತ್ತ ಒಂದಿಷ್ಟು ಜಾಗ ಅವರದೇ ಆಗಿದ್ದು, ಅದು ಅವರ ಜೊತೆಗೇ ಸಾಗುತ್ತ ಹೋದರೆ ಹೇಗೆ? ಈ ಪ್ರಶ್ನೆಯನ್ನು ಮೊದಲು ಕೇಳಿದ ಪುಣ್ಯಾತ್ಮ ಯಾವ ದೇಶದವನೋ ನನಗೆ ಗೊತ್ತಿಲ್ಲ. ಉತ್ತರ ಮಾತ್ರ ಹುಬ್ಬಳ್ಳಿಗೆ ಬಂತು. ಬಂದದ್ದು ನನ್ನ ತಲೆಯ ಮೇಲೇ ಬಂದು ಕೂತಿತು, ಏಕೆಂದರೆ ನಮ್ಮ ರಸ್ತೆ ನಿಯಂತ್ರಣ ಕೇಂದ್ರದಲ್ಲಿ ಅದನ್ನು ನೋಡಿಕೊಳ್ಳುವ ಎಂಜಿನಿಯರು ನಾನೇ.

ಯಂತ್ರದ ಕೆಲಸ ಸರಳ. ಡಾಂಬರಿನ ಮೇಲ್ಪದರದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹರಳುಗಳನ್ನು ಬೆರೆಸಿರುತ್ತಾರೆ. ಅವು ತಮ್ಮ ಮೇಲೆ ಬಿದ್ದ ಭಾರವನ್ನು ಅಳೆಯುತ್ತವೆ, ಹೇಳಿದಾಗ ಬೆಳಗುತ್ತವೆ. ಸೈಕಲ್ಲಿನ ಹಿಂದಿನ ಗಾಲಿಗೆ ಒಂದು ಬಿಲ್ಲೆ ಹಾಕಿರುತ್ತಾರೆ. ಬಿಲ್ಲೆ ಇರುವ ಸೈಕಲ್ ರಸ್ತೆಗಿಳಿದ ಕೂಡಲೇ ಅದರ ಸುತ್ತ ಒಂದೊಂದು ಮಾರು ಹಸಿರು ಬೆಳಕು ಹರಡುತ್ತದೆ. ಸೈಕಲ್ ಹೋದಂತೆ ಬೆಳಕೂ ಹೋಗುತ್ತದೆ, ನಿಂತರೆ ನಿಲ್ಲುತ್ತದೆ. ಎರಡು ಸೈಕಲ್ ಅಕ್ಕಪಕ್ಕ ಬಂದರೆ ಎರಡೂ ಬೆಳಕು ಕೂಡಿಕೊಳ್ಳುತ್ತವೆ. ಈಗಿನ ಮೋಟಾರು ಗಾಡಿಗಳೆಲ್ಲ ಅರ್ಧ ತಮ್ಮ ಬುದ್ಧಿಯಿಂದಲೇ ಓಡುವಂಥವು. ಅವುಗಳಿಗೆ ಕಲಿಸಿರುವುದು ಒಂದೇ ಮಾತು, ಬೆಳಕಿನೊಳಗೆ ಗಾಲಿ ಇಡಬೇಡ ಎಂದು. ಚಾಲಕ ಎಷ್ಟು ಕೂಗಾಡಿದರೂ ಕಾರು ಬೆಳಕಿನ ಅಂಚಿಗೆ ಬಂದು ಸುಮ್ಮನೆ ನಿಲ್ಲುತ್ತದೆ.

ಸರ್ಕಾರ ಪ್ರಯೋಗಕ್ಕೆ ಒಂದೇ ರಸ್ತೆಗಾಗುವಷ್ಟು ಹರಳು ಕೊಟ್ಟಿತ್ತು. ಊರ ಹೊರಗಿನ ವರ್ತುಲ ರಸ್ತೆಗೆ ಹಾಕಬೇಕೆಂದು ಬಹಳ ಜನರ ಆಸೆ. ಅಲ್ಲಿ ಮುಂಜಾನೆ ಬಿಗಿಯಾದ ಚಡ್ಡಿ ಹಾಕಿಕೊಂಡು, ಹಗುರವಾದ ಸೈಕಲ್ ಏರಿ, ಭಾರವಾದ ಹೊಟ್ಟೆ ಕರಗಿಸಲು ಹೋಗುವವರಿದ್ದಾರೆ. ಒಳ್ಳೆಯ ಜನ, ಬೇಡ ಅನ್ನುವುದಿಲ್ಲ. ಆದರೆ ನನ್ನ ಹೆಂಡತಿ ನೀಲಾಂಬಿಕಾ ಬೇಡ ಅಂದಳು. ಅವಳು ಮತ್ತು ಸೈಕಲ್ ರಿಪೇರಿಯ ಹಜರತ್‌ಸಾಬ ಸೇರಿ ಕಟ್ಟಿದ ‘ಎರಡು ಗಾಲಿ ಬಳಗ’ದ ವಾದ ಬೇರೆ ಇತ್ತು. ಊರೊಳಗಿನ ಹತ್ತಿಗಿರಣಿ ರಸ್ತೆಯಲ್ಲಿ ಅಡುಗೆ ಕೆಲಸದವರು, ಕಸ ಗುಡಿಸುವವರು, ಹೂ ಮಾರುವವರು ಹೊಟ್ಟೆಪಾಡಿಗೆ ಸೈಕಲ್ ಹೊಡೆಯುತ್ತಾರೆ. ಲಾರಿಗೆ ಸಿಕ್ಕು ಕೈಕಾಲು ಮುರಿದುಕೊಳ್ಳುವವರೂ ಅವರೇ. ಬೆಳಕು ಬೇಕಾದದ್ದು ಅಲ್ಲಿ. ನೀಲಾ ಬರೀ ವಾದ ಮಾಡಿ ಬಿಡುವವಳಲ್ಲ. ಆಯ್ಕೆ ಸಮಿತಿಯ ಇಬ್ಬರು ಸದಸ್ಯರನ್ನು ಹಜರತ್‌ಸಾಬನ ಬಾಡಿಗೆ ಸೈಕಲ್ಲಿನ ಮೇಲೆ ಕೂರಿಸಿ, ಸಂತೆಯ ದಿನ ಆ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದಳು. ಒಬ್ಬರು ಗಟಾರಿಗೆ ಬಿದ್ದರು. ಇನ್ನೊಬ್ಬರು ಅರ್ಧ ದಾರಿಯಲ್ಲಿ ಸೈಕಲ್ ಬಿಟ್ಟು ಆಟೋ ಹಿಡಿದರು. ಹರಳು ಹತ್ತಿಗಿರಣಿ ರಸ್ತೆಗೆ ಬಂತು, ಬಿಲ್ಲೆಗಳನ್ನೂ ಬಳಗ ಮನೆಮನೆಗೆ ಹೋಗಿ ಪುಕ್ಕಟೆ ಹಾಕಿಸಿತು.

ಒಂದು ಷರತ್ತು ಮಾತ್ರ ಇತ್ತು. ವರ್ಷದ ಕೊನೆಯ ವಾರದಲ್ಲಿ ಸೈಕಲ್ಲುಗಳ ಸರಾಸರಿ ವೇಗ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಕೆಳಗಿದ್ದರೆ ಪ್ರಯೋಗ ಸೋತಂತೆ. ಹರಳನ್ನು ಕೆರೆದು ತೆಗೆದು ವರ್ತುಲ ರಸ್ತೆಗೆ ಹಾಕುತ್ತಾರೆ. ಹತ್ತು ಎಂದರೆ ಏನು ಮಹಾ, ಹಾಲಿನ ಕ್ಯಾನ್ ಕಟ್ಟಿಕೊಂಡವರೂ ಅದಕ್ಕಿಂತ ಜೋರಾಗಿ ಹೋಗುತ್ತಾರೆ ಎಂದು ನಾವೆಲ್ಲ ನಕ್ಕಿದ್ದೆವು.

ನನ್ನ ಅಕ್ಕ ಚಂಪಾವತಿಯ ವಿಷಯ ಈಗ ಹೇಳಬೇಕು. ಆರನೇ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಿವಿ ಹೋದವು. ಕೌದಿ ಹೊಲಿಯುತ್ತಾಳೆ, ಹಳೆ ಸೀರೆಯ ತುಂಡುಗಳಿಂದ ಅವಳು ಹೊಲಿದ ಕೌದಿ ಹೊದ್ದವರು ಅಂಗಡಿಯ ಹೊದಿಕೆ ಮುಟ್ಟುವುದಿಲ್ಲ. ಕೈಸನ್ನೆಯಲ್ಲಿ ಮಾತಾಡುತ್ತಾಳೆ, ನಮ್ಮ ಮನೆಯವರ ತುಟಿ ಓದುತ್ತಾಳೆ, ಸಿಟ್ಟು ಬಂದಾಗ ಬಾಯಿಬಿಟ್ಟು ಒಂದೆರಡು ಶಬ್ದ ಆಡುತ್ತಾಳೆ. ನನಗೆ ಅವಳಿಟ್ಟ ಸನ್ನೆಯ ಹೆಸರು, ಕಿವಿಯನ್ನು ಮುಂದಕ್ಕೆ ಎಳೆದು ತೋರಿಸುವುದು. ನನ್ನ ಕಿವಿ ಸ್ವಲ್ಪ ದೊಡ್ಡವು. ಕೇಳದವಳು ಕಿವಿಯ ಮೇಲೆ ಕಣ್ಣಿಟ್ಟಳಲ್ಲ ಎಂದು ಅಮ್ಮ ನಗುತ್ತಿದ್ದಳು.

ಹಾರ್ನ್ ಕೇಳದವಳನ್ನು ಹುಬ್ಬಳ್ಳಿಯ ರಸ್ತೆಗೆ ಒಬ್ಬಳೇ ಕಳಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೌದಿ ಮುಟ್ಟಿಸಲು, ದಾರ ತರಲು, ಕೊನೆಗೆ ಗೆಳತಿಯ ಮನೆಗೆ ಹೋಗಲಿಕ್ಕೂ ಅವಳು ಯಾರದಾದರೂ ಬಿಡುವಿಗೆ ಕಾಯಬೇಕಿತ್ತು. ನಲವತ್ತು ವರ್ಷ ಕಾದಳು. ಬೆಳಕು ಬಂದ ವಾರವೇ ನೀಲಾ ಅವಳಿಗೆ ಸೈಕಲ್ ಕಲಿಸಿದಳು. ಮೊದಲ ಸಲ ಒಬ್ಬಳೇ ಹೋದ ದಿನ ನಾನು ಕೇಂದ್ರದ ಪರದೆಯ ಮೇಲೆ ಅವಳ ಬಿಲ್ಲೆಯ ಚುಕ್ಕೆಯನ್ನೇ ನೋಡುತ್ತ ಕೂತಿದ್ದೆ. ಚುಕ್ಕೆ ರಸ್ತೆಯ ಆ ತುದಿಗೆ ಹೋಯಿತು, ಈ ತುದಿಗೆ ಬಂತು, ಮತ್ತೆ ಆ ತುದಿಗೆ ಹೋಯಿತು. ಕೆಲಸವೇನೂ ಇರಲಿಲ್ಲ, ಸುಮ್ಮನೆ ಓಡಾಡುತ್ತಿದ್ದಳು. ನನ್ನ ಚಹಾ ತಣ್ಣಗಾಗಿತ್ತು, ಕಣ್ಣು ಒದ್ದೆಯಾಗಿತ್ತು. ಮನೆಗೆ ಬಂದು ಅವಳು ಎರಡೂ ಕೈ ಚಾಚಿ ಸುತ್ತ ಒಂದು ವೃತ್ತ ಬರೆದಳು, ಆಮೇಲೆ ಬಗ್ಗಿ ಕಸ ಗುಡಿಸಿ ರಂಗೋಲಿ ಹಾಕುವ ಹಾಗೆ ಬೆರಳಾಡಿಸಿದಳು. ಅಂಗಳ ಎಂದರ್ಥ. ಸರ್ಕಾರದ ಕಾಗದದಲ್ಲಿ ಆ ಬೆಳಕಿಗೆ ಏನೋ ಉದ್ದನೆಯ ಹೆಸರಿದೆ. ನೀಲಾ ಬಳಗದಲ್ಲಿ ಅಕ್ಕನ ಮಾತು ಹೇಳಿದ ಮೇಲೆ ಇಡೀ ರಸ್ತೆಗೆ ಅದು ಅಂಗಳವೇ ಆಯಿತು.

ಪ್ರಯೋಗದ ಎಂಟನೇ ತಿಂಗಳಿನಿಂದ ವೇಗ ಬೀಳತೊಡಗಿತು. ಹನ್ನೆರಡಿದ್ದದ್ದು ಹತ್ತಾಯಿತು, ಒಂಬತ್ತಾಯಿತು. ಯಂತ್ರಕ್ಕೆ ಕಾರಣ ಕೇಳಿದೆ. ರಸ್ತೆಯಲ್ಲಿ ಏರು ಇರಬಹುದು ಎಂದಿತು. ಹತ್ತಿಗಿರಣಿ ರಸ್ತೆ ಹಪ್ಪಳದ ಮಣೆಯಷ್ಟು ಸಪಾಟು. ಎದುರುಗಾಳಿ ಇರಬಹುದು ಎಂದಿತು. ಹೋಗುವವರಿಗೂ ಬರುವವರಿಗೂ ಎದುರುಗಾಳಿ ಹೇಗಾದೀತು? ಟೈರಿನಲ್ಲಿ ಗಾಳಿ ಕಡಿಮೆ ಇರಬಹುದು ಎಂದಾಗ ಮಾತ್ರ ನಾನು ನಂಬಿದೆ. ಹಜರತ್‌ಸಾಬ ಎರಡು ದಿನ ಅಂಗಡಿ ಮುಂದೆ ನಿಂತು ಬಂದವರ ಸೈಕಲ್ಲಿಗೆಲ್ಲ ಗಾಳಿ ಹೊಡೆದ. ವೇಗ ಇನ್ನಷ್ಟು ಬಿತ್ತು.

ವರ್ಷ ತುಂಬಲು ವಾರವಷ್ಟೇ ಉಳಿದಿದ್ದಾಗ ಬೆಂಗಳೂರಿನಿಂದ ಮಧುಮತಿ ಮೇಡಂ ಫೋನ್ ಮಾಡಿದರು. ಪ್ರಯೋಗದ ಮುಖ್ಯಸ್ಥೆ ಅವರು, ಲೆಕ್ಕದಲ್ಲಿ ಖಡಕ್ಕು.

“ಇಂದುಧರ್, ನಿಮ್ಮ ಸೈಕಲ್‌ಗಳು ಓಡ್ತಾ ಇದಾವಾ, ತೆವಳ್ತಾ ಇದಾವಾ? ನಾನು ಬರೋ ಶುಕ್ರವಾರ ಬರ್ತೀನಿ. ಅವತ್ತು ಸಂಜೆ ಅಂಕಿ ನೋಡಿ ವರದಿ ಬರೀತೀನಿ. ಹತ್ತಕ್ಕಿಂತ ಕೆಳಗಿದ್ರೆ ನನ್ನ ಕೈಲಿ ಏನೂ ಇಲ್ಲ.”

ಕಾರಣ ಸಿಕ್ಕಿದ್ದು ಮನೆಯ ಬಾಗಿಲಲ್ಲಿ. ಭಾನುವಾರ ನೀಲಾಳ ಚಿಕ್ಕಮ್ಮ ಬಂದಿದ್ದರು. ಗಿರ್ಮಿಟ್ ತಿಂದು, ಚಹಾ ಕುಡಿದು, ಮೂರು ಸಲ “ಬರ್ತೇನ್ವಾ” ಎಂದು ಹೇಳಿ ಮೂರು ಸಲವೂ ಮತ್ತೆ ಕೂತು, ಕೊನೆಗೆ ಎದ್ದರು. ನಮ್ಮ ಕಡೆ ಬಂದವರನ್ನು ಹೊಸ್ತಿಲಲ್ಲೇ ಕಳಿಸಿಬಿಡುವ ಪದ್ಧತಿಯಿಲ್ಲ. ಜೊತೆಗೆ ನಾಲ್ಕು ಹೆಜ್ಜೆ ಹೋಗಬೇಕು. ಸಾಕು ನಿಲ್ಲಿ ಎಂದು ಅವರು ಹೇಳಿದ ಮೇಲೂ ಇನ್ನೂ ನಾಲ್ಕು ಹೆಜ್ಜೆ ಹೋಗಬೇಕು. ಮನೆಯಲ್ಲಿ ಒಂದು ತಾಸು ಕೂತಾಗ ನೆನಪಾಗದ ಮಾತೆಲ್ಲ ಓಣಿಯ ತಿರುವಿನಲ್ಲಿ ನೆನಪಾಗುತ್ತದೆ.

ಅಕ್ಕ ಸೈಕಲ್ ಹೊರಗೆ ತೆಗೆದಳು.

“ಬಸ್ ನಿಲ್ಲೂದು ಇಲ್ಲೇ ಐತೆಲ್ಲ, ಸೈಕಲ್ ಯಾಕ?” ಎಂದು ನಾನು ಕೇಳಿದೆ.

ಅಕ್ಕ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. ಸೈಕಲ್ ಏರಲಿಲ್ಲ, ತಳ್ಳಿಕೊಂಡು ರಸ್ತೆಗಿಳಿದಳು. ಹಸಿರು ಬೆಳಕು ಹರಡಿತು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಬೆಳಕಿನೊಳಗೆ ಬಂದರು, ಅಕ್ಕನ ತೋಳು ಹಿಡಿದರು. ಇಬ್ಬರೂ ನಡುರಸ್ತೆಯಲ್ಲಿ ಗದ್ದೆಯ ಬದುವಿನ ಮೇಲೆ ಹೋಗುವವರಂತೆ ನಿಧಾನಕ್ಕೆ ಹೊರಟರು. ಹಿಂದೆ ಎರಡು ಕಾರು, ಒಂದು ಟೆಂಪೊ ಗಪ್ಪಾಗಿ ನಿಂತವು.

ನಾನು ಆಗ ರಸ್ತೆಯನ್ನು ಉದ್ದಕ್ಕೆ ನೋಡಿದೆ. ಕೇಂದ್ರದಲ್ಲಿ ಕೂತು ಚುಕ್ಕೆ ನೋಡುವವನು ರಸ್ತೆಯನ್ನು ನೋಡುವುದು ಕಡಿಮೆ. ಅಲ್ಲೊಬ್ಬ ಹುಡುಗ ಸೈಕಲ್ ತಳ್ಳುತ್ತ ಬಸುರಿ ಅಕ್ಕನನ್ನು ಕರೆದೊಯ್ಯುತ್ತಿದ್ದ. ಹೂವಿನವಳು ಒಬ್ಬಳು ತನಗೆ ಗುರುತೇ ಇಲ್ಲದ ಮಕ್ಕಳನ್ನು ಈ ಬದಿಯಿಂದ ಆ ಬದಿಗೆ ದಾಟಿಸುತ್ತಿದ್ದಳು. ಏರಿ ಕೂತು ಪೆಡಲ್ ಹೊಡೆಯುವವರಿಗಿಂತ ಇಳಿದು ನಡೆಯುವವರೇ ಹೆಚ್ಚು. ಇಡೀ ರಸ್ತೆ ಬೀಗರನ್ನು ಕಳಿಸಲು ಹೊರಟ ಹಾಗಿತ್ತು. ನನಗೆ ನಗು ಬಂತು, ಮರುಕ್ಷಣವೇ ಶುಕ್ರವಾರ ನೆನಪಾಯಿತು.

ಅದೇ ಸಂಜೆ ಬಳಗದವರನ್ನು ಮನೆಗೆ ಕರೆಸಿದೆವು. ನಾನು ಷರತ್ತು ನೆನಪು ಮಾಡಿದೆ. ಸೈಕಲ್ ತಳ್ಳಿಕೊಂಡು ಹೋದರೂ ಯಂತ್ರ ಅದನ್ನು ಸವಾರಿ ಎಂದೇ ಎಣಿಸುತ್ತದೆ, ನಡಿಗೆಯ ವೇಗವನ್ನೇ ಸೈಕಲ್ಲಿನ ವೇಗ ಎಂದು ಬರೆದುಕೊಳ್ಳುತ್ತದೆ ಎಂದು ತಿಳಿಸಿ ಹೇಳಿದೆ.

“ಅಂದ್ರ ನಾವು ಮಂದೀನ್ನ ದಾಟಿಸಿದ್ದಕ್ಕ ಬೆಳಕು ಕಿತ್ಕೊಂಡು ಹೋಗ್ತಾರೇನ್ರಿ ಸರ?” ಎಂದ ಹಜರತ್‌ಸಾಬ. “ನಾ ಎರಡು ದಿನ ಪಂಪ್ ಹೊಡದು ರಟ್ಟಿ ನೋಯಿಸ್ಕೊಂಡೆ. ಗಾಳಿ ಹೊಡಸ್ಕೊಂಡವರೆಲ್ಲ ಅಲ್ಲೇ ಮಾತಾಡ್ಕೋತ ತಳ್ಕೊಂಡು ಹೋದ್ರು. ಆವಾಗರ ನನಗ ಹೊಳೀಬೇಕಿತ್ತು.”

“ಶುಕ್ರವಾರದ ತನಕ ಯಾರೂ ಇಳಿಯೂದು ಬ್ಯಾಡ,” ಎಂದಳು ನೀಲಾ. “ಹತ್ತಿದವರು ಹತ್ತಿದಂಗ ಹೋಗ್ರಿ. ಬೆಳಕು ಉಳದ್ರ ಆಮ್ಯಾಲೆ ನೋಡೂಣು.”

ಅಕ್ಕ ಅವಳ ತುಟಿಯನ್ನೇ ನೋಡುತ್ತಿದ್ದಳು. ಎದ್ದು ನಿಂತು ಕೈಯಾಡಿಸಿದಳು. ಅಂಗಳ, ಬಂದವರು, ಹೊರಗೆ ನಿಲ್ಲಿಸುವುದು. ಆಮೇಲೆ ನನ್ನ ಕಡೆ ತಿರುಗಿ ಬಾಯಿಬಿಟ್ಟೇ ಅಂದಳು, “ಛೀ.”

“ಅಕ್ಕಾ, ಬೆಳಕು ಹೋದ್ರ ನೀ ಮತ್ತ ಮನ್ಯಾಗ ಕೂಡೂದ,” ಎಂದೆ ನಾನು. ಸನ್ನೆಯಲ್ಲೂ ಹೇಳಿದೆ. ಯಾರದಾದರೂ ಕೈ ಹಿಡಿದೇ ಹೊರಗೆ ಹೋಗಬೇಕು, ಯಾರಿಗಾದರೂ ಬಿಡುವಾಗುವ ತನಕ ಕಾಯಬೇಕು ಎಂದೆ. ಹೇಳುವಾಗ ನನಗೇ ಸಂಕಟವಾಯಿತು. ಅವಳ ಮುಖ ಇಳಿಯಿತು. ಒಳಗೆ ಹೋಗಿ ಹೊಲಿಗೆ ಹಿಡಿದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಹೂಂ ಎಂಬಂತೆ ತಲೆಯಾಡಿಸಿ ಹೋದಳು.

ವಾರವಿಡೀ ರಸ್ತೆ ಮಾತು ಉಳಿಸಿಕೊಂಡಿತು. ಚುಕ್ಕೆಗಳು ಸರಸರ ಓಡಿದವು, ಸರಾಸರಿ ಮೇಲೇರಿತು. ಮನೆಯಲ್ಲಿ ಮಾತ್ರ ಯಾರಿಗೂ ಉತ್ಸಾಹವಿರಲಿಲ್ಲ. ದಾಟಲಾಗದೆ ರಸ್ತೆಯ ಬದಿಗೆ ನಿಂತವರು ಕೈ ಮಾಡಿ ಕರೆಯುತ್ತಾರೆ, ನೋಡದವರ ಹಾಗೆ ಹೋಗಬೇಕು, ಊಟ ರುಚಿಸುತ್ತಿಲ್ಲ ಎಂದಳು ನೀಲಾ.

ಶುಕ್ರವಾರ ಸಂಜೆ ಮಧುಮತಿ ಮೇಡಂ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಹತ್ತಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿತ್ತು ಸರಾಸರಿ. ಕತ್ತಲಾಗುವ ಹೊತ್ತಿಗೆ ಎಣಿಕೆ ಮುಗಿಯುತ್ತದೆ.

“ಅಂತೂ ಗಾಳಿ ಹೊಡೆಸಿದ್ರಿ ಅನ್ನಿ,” ಎಂದು ಮೇಡಂ ನಕ್ಕರು. ನಾನೂ ನಕ್ಕೆ.

ಆಗ ಒಂದು ಚುಕ್ಕೆ ನಿಂತಿತು. ಯಾರ ಬಿಲ್ಲೆ ಎಂದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. ಅಕ್ಕನದೇ. ಚುಕ್ಕೆ ಮುಂದೆ ಹೋದದ್ದು ಹಿಂದಕ್ಕೆ ಬಂತು. ರಸ್ತೆಯ ಬದಿಗೆ ಸರಿಯಿತು. ಅಲ್ಲಿಂದ ಹೊರಟಾಗ ಅದರ ವೇಗ ಬರೀ ಎರಡು. ಹಿಂದೆ ಬರುತ್ತಿದ್ದ ಚುಕ್ಕೆ ಅವಳನ್ನು ದಾಟಿ ಹೋಗಬಹುದಿತ್ತು, ಹೋಗಲಿಲ್ಲ. ಅದೂ ಬದಿಗೆ ಸರಿದು ನಿಂತಿತು. ಅದರ ಹಿಂದಿನದೂ ಹಾಗೇ ಮಾಡಿತು. ನೋಡುತ್ತಿದ್ದ ಹಾಗೆ ರಸ್ತೆಯುದ್ದಕ್ಕೂ ಚುಕ್ಕೆಗಳು ಇಳಿದು ನಡೆಯತೊಡಗಿದವು. ಸರಾಸರಿ ಹತ್ತರ ಕೆಳಗೆ ಜಾರಿತು.

“ಏನಾಯ್ತು ಇವರಿಗೆ?” ಎಂದರು ಮೇಡಂ. “ಎಲ್ಲ ಸೈಕಲ್ಲೂ ಒಟ್ಟಿಗೆ ಪಂಕ್ಚರ್ ಆಯ್ತಾ?”

ಯಂತ್ರಕ್ಕೆ ಒಂದು ಜರಡಿ ಇದೆ. ಹರಳುಗಳು ಮೇಲೆ ಬಿದ್ದದ್ದನ್ನೆಲ್ಲ ಅಳೆಯುತ್ತವೆ. ಮಳೆಹನಿ, ಬೀದಿನಾಯಿ, ಉದುರಿದ ಬೇವಿನಕಾಯಿ, ಎಲ್ಲವೂ ಪರದೆಗೆ ಬಂದರೆ ನೋಡುವವನ ತಲೆ ಕೆಡುತ್ತದೆ. ಅದಕ್ಕೇ ಬಿಲ್ಲೆಯಿಲ್ಲದ ಭಾರವನ್ನೆಲ್ಲ ಜರಡಿ ಮರೆಮಾಡುತ್ತದೆ. ಅಳಿಸುವುದಿಲ್ಲ, ತೋರಿಸುವುದಿಲ್ಲ ಅಷ್ಟೆ. ನಾನು ಜರಡಿ ತೆಗೆದೆ.

ಪರದೆಯ ತುಂಬ ಹೆಜ್ಜೆಗಳು ಬಂದವು. ಅಕ್ಕನ ಚುಕ್ಕೆಯ ಪಕ್ಕದಲ್ಲಿ ಎರಡು ಹೆಜ್ಜೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಹತ್ತಿರ ಬೀಳುತ್ತಿದ್ದವು. ಅವುಗಳ ಜೊತೆಗೆ ಒಂದು ಸಣ್ಣ ಚುಕ್ಕೆ, ಕೋಲಿನದು. ಇನ್ನೊಂದು ಸೈಕಲ್ಲಿನ ಸುತ್ತ ಪುಟ್ಟ ಪುಟ್ಟ ಹೆಜ್ಜೆಗಳು ಮುಂದೆ ಓಡಿ ಹಿಂದೆ ಬರುತ್ತಿದ್ದವು. ವಾರವಿಡೀ ಬದಿಯಲ್ಲಿ ನಿಂತಿದ್ದವರೆಲ್ಲ ಬೆಳಕಿಗೆ ಇಳಿದಿದ್ದರು. ಸೈಕಲ್ಲುಗಳು ಹತ್ತಿರವಾದಂತೆ ಬೆಳಕುಗಳು ಕೂಡಿಕೊಂಡು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಸಿರಾಯಿತು.

ಮಧುಮತಿ ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಹಳೇ ತಿಂಗಳದ್ದು ಹೀಗೇ ತೋರಿಸಿ,” ಎಂದರು. ತೋರಿಸಿದೆ. ಗಾಲಿಗಳಿಗಿಂತ ಹೆಜ್ಜೆಗಳೇ ಹೆಚ್ಚಿದ್ದವು. ಬಹಳ ಹೊತ್ತು ನೋಡಿದರು.

“ನಿಯಮದಲ್ಲಿ ಸೈಕಲ್ ವೇಗ ಅಂತ ಇದೆ. ಇವರ ಬಗ್ಗೆ ಒಂದಕ್ಷರ ಇಲ್ಲ. ಸುಳ್ಳು ವರದಿ ನಾನು ಬರೆಯೋದಿಲ್ಲ, ಇಂದುಧರ್.”

“ಸುಳ್ಳು ಬರೀರಿ ಅನ್ನೂದಿಲ್ರಿ. ಆದ್ರ ಅಲ್ಲಿ ಮೊದಲ ಇಳದಾಕಿ ನಮ್ಮಕ್ಕ. ಆಕಿಗೆ ಕಿವಿ ಕೇಳಸೂದಿಲ್ಲ. ಬೆಳಕು ಬರೂದಕ್ಕಿಂತ ಮೊದಲ ಆಕಿ ಒಬ್ಬಾಕಿನ ಮನಿ ಬಿಟ್ಟು ಹೊರಗ ಹೋದಾಕಿ ಅಲ್ಲ. ಇಳದ್ರ ಬೆಳಕು ಹೋಗ್ತೈತಿ ಅಂತ ಎಲ್ಲಾರಕಿಂತ ಆಕಿಗೇ ಗೊತ್ತಿತ್ತು.” ನಾನು ಅಕ್ಕನ ಚುಕ್ಕೆಯ ಮೇಲೆ ಬೆರಳಿಟ್ಟು ತೋರಿಸಿದೆ. “ಗೊತ್ತಿದ್ದೂ ಇಳದಾಳ್ರಿ.”

ಮೇಡಂ ಎದ್ದು ಕೆಳಗೆ ಹೊರಟರು. ನಾನೂ ಹಿಂದೆಯೇ ಇಳಿದೆ. ಕೇಂದ್ರ ಇರುವುದು ಹತ್ತಿಗಿರಣಿ ರಸ್ತೆಯ ತುದಿಯಲ್ಲೇ. ಗೇಟಿನ ಹೊರಗೆ ಅಕ್ಕ ಮುದುಕರೊಬ್ಬರನ್ನು ಔಷಧಿ ಅಂಗಡಿಯ ಕಟ್ಟೆ ಹತ್ತಿಸಿ ತಿರುಗಿದ್ದಳು. ನನ್ನನ್ನು ನೋಡಿ ಅಪರಾಧಿಯ ಹಾಗೆ ನಿಂತಳು. ಕಣ್ಣು ತುಂಬಿದ್ದವು. ಕಿವಿ ಎಳೆದು ನನ್ನ ಹೆಸರು ಹಿಡಿದಳು, ಆಮೇಲೆ ಬರಿಗೈ ತೋರಿಸಿದಳು. ಆಗಲಿಲ್ಲ ತಮ್ಮಾ ಎಂದರ್ಥ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಮೇಡಂ ಕಾರು ರಸ್ತೆಯ ಆಚೆ ಬದಿಗಿತ್ತು. ಅವರು ಅತ್ತ ಹೆಜ್ಜೆ ಹಾಕಿದ್ದು ಕಂಡದ್ದೇ ತಡ, ಅಕ್ಕ ಕಣ್ಣೊರೆಸಿಕೊಂಡು ಸೈಕಲ್ ತಳ್ಳುತ್ತ ಅವರ ಪಕ್ಕಕ್ಕೆ ಹೋದಳು. ತಮ್ಮನ ಕಚೇರಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ?

“ಬೇಡ ಬೇಡ, ನಾನು ಹೋಗ್ತೀನಿ,” ಎಂದರು ಮೇಡಂ. ಅಕ್ಕನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ. ಬೆಳಕು ಇಬ್ಬರ ಸುತ್ತಲೂ ಹರಡಿತು. ಜೋರಾಗಿ ಬಂದ ಲಾರಿಯೊಂದು ಅಂಚಿಗೆ ಬಂದು ನಿಂತಿತು. ಮೇಡಂ ಬೆಚ್ಚಿ ಅಕ್ಕನ ತೋಳು ಹಿಡಿದರು. ಆಚೆ ಬದಿ ತಲುಪಿದ ಮೇಲೂ ಬಿಡಲಿಲ್ಲ. ಹಿಂದೆ ಬಂದ ನಾನು ಅವರ ಮಾತಿಗಾಗಿ ಕಾದು ನಿಂತೆ.

“ಪ್ರಯೋಗ ಫೇಲ್ ಅಂತಲೇ ಬರೀತೀನಿ,” ಎಂದರು ಅವರು. ಅಕ್ಕನ ಮುಖ ನೋಡಿಯೇ ಹೇಳಿದರು. “ಸೈಕಲ್ಲಿನ ವೇಗ ಸಾಲದು, ಅದು ನಿಜ. ಅದರ ಕೆಳಗೆ ಇನ್ನೊಂದು ನಿಜ ಬರೀತೀನಿ. ಈ ಬೆಳಕನ್ನ ನಂಬಿಕೊಂಡು ಇಷ್ಟು ಜನ ನಡೀತಾ ಇದಾರೆ, ಇದನ್ನ ತೆಗೆದ್ರೆ ಜೀವ ಹೋಗುತ್ತೆ, ತೆಗೆಯೋ ಆದೇಶಕ್ಕೆ ನಾನು ಸಹಿ ಹಾಕೋದಿಲ್ಲ ಅಂತ. ನನ್ನ ಸಹಿ ಇಲ್ಲದೆ ಯಾರೂ ಒಂದು ಹರಳೂ ಕೀಳೋ ಹಾಗಿಲ್ಲ.”

ಕಾರು ಹೋಯಿತು. ಅಕ್ಕ ನನ್ನ ಕಡೆ ತಿರುಗಿದಳು. ಬೆಂಗಳೂರಿನ ತುಟಿ ಅವಳಿಗೆ ಓದಲು ಬಂದಿರಲಿಲ್ಲ. ಸುತ್ತ ವೃತ್ತ ಬರೆದೆ, ಬಗ್ಗಿ ರಂಗೋಲಿ ಹಾಕಿದೆ, ಆಮೇಲೆ ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ ತೋರಿಸಿದೆ. ಅಂಗಳ ಇಲ್ಲೇ ಇರುತ್ತದೆ. ಅವಳು ನಂಬಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡಳು. ಮೂರನೇ ಸಲ ಹೇಳುವಾಗ ಔಷಧಿ ಅಂಗಡಿಯ ಮುಂದಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಅಕ್ಕ ನನ್ನ ತಲೆಗೊಂದು ಮೊಟಕಿದಳು. ಸೀರೆ ಸೊಂಟಕ್ಕೆ ಸಿಕ್ಕಿಸಿ ಸೈಕಲ್ ಏರಿದಳು. ನೀಲಾಳಿಗೆ ಸುದ್ದಿ ಮುಟ್ಟಿಸುವ ಅವಸರ. ಪೆಡಲ್ ಹೊಡೆದ ರಭಸಕ್ಕೆ ಹಸಿರು ಬೆಳಕು ಅವಳನ್ನು ಹಿಡಿಯಲು ಓಡುತ್ತಿದೆಯೇನೋ ಅನ್ನಿಸಿತು. ತಿರುಗಿ ನೋಡಲಿಲ್ಲ. ಊರವರನ್ನೆಲ್ಲ ಮುಟ್ಟಿಸಿ ಬರುವ ನನ್ನ ಅಕ್ಕ, ಹೊತ್ತು ಮುಳುಗಿದ ಹೊತ್ತಿನಲ್ಲಿ ಸ್ವಂತ ತಮ್ಮನನ್ನು ರಸ್ತೆಯ ತಪ್ಪು ಬದಿಯಲ್ಲಿ ಬಿಟ್ಟು ಒಬ್ಬಳೇ ಹೊರಟು ಹೋದಳು.

ದಾಟಿಸುವವರು ಯಾರಾದರೂ ಬಂದಾರು ಎಂದು ನಾನು ಅಲ್ಲೇ ನಿಂತೆ. ಎಷ್ಟು ಹೊತ್ತಾದರೂ ನಿಲ್ಲಲು ಸಿದ್ಧನಿದ್ದೆ.